ಇ148ಕ್ಯೂ ಎಂಬ ಜೀನ್ ಬದಲಾವಣೆ ಒಂದೇ ಸಿಕ್ಕಿದೆ, ಎಫ್‌ಎಂಎಫ್ (ಜ್ವರ ಮರುಕಳಿಸುವ ವಂಶವಾಹಿ ಕಾಯಿಲೆ) ಅನ್ನಬಹುದೇ?

ಮಕ್ಕಳ ಒಪಿಡಿ:
ಆರು ವರ್ಷದ ಮಗು. ತಿಂಗಳಿಗೊಮ್ಮೆ ಐದಾರು ದಿನ ಜ್ವರ, ಹೊಟ್ಟೆನೋವು, ಭೇದಿ, ಕುತ್ತಿಗೆಯಲ್ಲಿ ಗಂಟು. ಜ್ವರದಲ್ಲಿ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 90 ದಾಟುತ್ತದೆ, ಬಿಟ್ಟ ಮೇಲೆ ನಾರ್ಮಲ್. ಕಲ್ಚರ್‌ನಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ. ಜೀನ್ ಪ್ಯಾನೆಲ್ (ಆಯ್ದ ಕೆಲವು ಜೀನ್‌ಗಳ ಪರೀಕ್ಷೆ) ಮಾಡಿಸಿದಾಗ ಎಫ್‌ಎಂಎಫ್‌ಗೆ ಸಂಬಂಧಿಸಿದ ಎಂಇಎಫ್‌ವಿ ಜೀನಿನಲ್ಲಿ ಇ148ಕ್ಯೂ ಒಂದು ಪ್ರತಿ ಮಾತ್ರ ಸಿಕ್ಕಿತು. ರಿಪೋರ್ಟಿನಲ್ಲಿ ‘ವಿಯುಎಸ್’ (ಅರ್ಥ ಖಚಿತವಾಗದ ಬದಲಾವಣೆ) ಎಂದು ಬರೆದಿದ್ದಾರೆ. ಎಫ್‌ಎಂಎಫ್‌ಗೆ ಕೊಡುವ ಕಾಲ್ಚಿಸಿನ್ ಶುರುಮಾಡಲೇ, ಎಕ್ಸೋಮ್‌ಗೆ (ಎಲ್ಲ ಜೀನ್‌ಗಳ ಎಕ್ಸಾನ್ ಎಂಬ ಮುಖ್ಯ ತುಂಡುಗಳನ್ನು ಓದುವ ಪರೀಕ್ಷೆ) ಕಳಿಸಲೇ?

ರುಮಟಾಲಜಿ:
ಇದರ ಮೇಲೆ ಎಫ್‌ಎಂಎಫ್ ಅನ್ನಬೇಡಿ. ನಮ್ಮ ಕಡೆ ಆರೋಗ್ಯವಂತರ ರಕ್ತ ನೋಡಿದರೂ ಬಹಳ ಜನರಲ್ಲಿ ಇ148ಕ್ಯೂ ಇರುತ್ತದೆ. ಎಫ್‌ಎಂಎಫ್‌ಗೆ ತೂಕವಿರುವುದು ಅದೇ ಜೀನಿನ ಎಕ್ಸಾನ್ 10ರ ಎಂ694ವಿ, ಎಂ680ಐ, ವಿ726ಎಯಂಥವಕ್ಕೆ. ಜ್ವರದ ದಿನ ಎಣಿಸಿ: ಎಫ್‌ಎಂಎಫ್‌ನಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ದಿನ. ಐದಾರು ದಿನ, ಗಂಟು, ಭೇದಿ ಅಂದಾಗ ನನಗೆ ಮೊದಲು ನೆನಪಾಗುವುದು ಎಂವಿಕೆ ಜೀನ್; ಅದು ಕೆಟ್ಟರೂ ಜ್ವರ ಹೀಗೆ ಮರುಕಳಿಸುತ್ತದೆ. ಲಸಿಕೆ ಹಾಕಿಸಿದ ಬೆನ್ನಿಗೇ ಜ್ವರ ಬಂದಿತ್ತೇ, ಮೊದಲ ಜ್ವರ ಒಂದು ವರ್ಷದೊಳಗೇ ಬಂತೇ ಎಂದು ತಾಯಿಯನ್ನು ಕೇಳಿ.

ಬಾಯಿಹುಣ್ಣು, ಗಂಟಲು ಕೆಂಪಾಗುವುದು ಇದ್ದು, ನಡುವಿನ ದಿನಗಳಲ್ಲಿ ಮಗು ಪೂರ್ತಿ ಚೆನ್ನಾಗಿದ್ದರೆ ಪಿಎಫ್‌ಎಪಿಎ (ಮಕ್ಕಳಲ್ಲಿ ಮರುಕಳಿಸುವ ಇನ್ನೊಂದು ಬಗೆಯ ಜ್ವರ) ಇರಬಹುದು. ಅದಕ್ಕೆ ಪರೀಕ್ಷಿಸಲು ಗೊತ್ತಾದ ಒಂದು ಜೀನ್ ಇಲ್ಲ. ಕಾಲ್ಚಿಸಿನ್‌ಗೆ ಅದೂ ಕೆಲವು ಮಕ್ಕಳಲ್ಲಿ ಬಗ್ಗುವುದರಿಂದ ‘ಔಷಧಿ ಹಿಡಿಯಿತು, ಹಾಗಾಗಿ ಎಫ್‌ಎಂಎಫ್’ ಎಂಬ ಲೆಕ್ಕ ನಿಲ್ಲುವುದಿಲ್ಲ.

ಸೀಕ್ವೆನ್ಸಿಂಗ್ ಲ್ಯಾಬ್:
ಎಕ್ಸೋಮ್‌ಗೆ ದುಡ್ಡು ಹಾಕುವ ಮುಂಚೆ ಈಗಿನ ಪ್ಯಾನೆಲ್ಲಿನಲ್ಲಿ ಎಂವಿಕೆ ಇತ್ತೇ, ಅದರ ಎಲ್ಲ ಎಕ್ಸಾನ್‌ಗಳೂ ಓದಿಸಿಕೊಂಡವೇ ನೋಡಿ. ಕವರೇಜ್ ಪಟ್ಟಿ ರಿಪೋರ್ಟಿನ ಕೊನೇ ಪುಟದಲ್ಲಿರುತ್ತದೆ, ಯಾರೂ ತಿರುವಿ ಹಾಕುವುದಿಲ್ಲ. ಒಂದು ಎಕ್ಸಾನೇ ಹಾರಿಹೋಗಿದ್ದರೆ ಮಾಮೂಲಿ ಸೀಕ್ವೆನ್ಸಿಂಗ್‌ಗೆ ಕಾಣದೆ ಹೋಗಬಹುದು, ಎಂಎಲ್‌ಪಿಎ (ಎಕ್ಸಾನ್ ಬಿಟ್ಟುಹೋಗಿದೆಯೇ ಎಂದು ನೋಡುವ ಪರೀಕ್ಷೆ) ಬೇಕಾದೀತು.

ತುರಿಕೆಯಿಲ್ಲದ ದದ್ದು, ಕಣ್ಣು ಕೆಂಪು, ಕಿವಿ ಮಂದ ಇರುವ ಮಗುವಾದರೆ ಎನ್‌ಎಲ್‌ಆರ್‌ಪಿ3 ಜೀನಿನ ಮೊಸಾಯಿಸಿಸಂ (ಕೆಲವು ಜೀವಕೋಶಗಳಲ್ಲಷ್ಟೇ ಇರುವ ಬದಲಾವಣೆ) ಯೋಚಿಸಬೇಕು. ನೂರು ರೀಡ್‌ನಲ್ಲಿ (ಓದಿದ ಡಿಎನ್‌ಎ ತುಣುಕು) ಐದರಲ್ಲಿ ಮಾತ್ರ ಬದಲಾವಣೆ ಇದ್ದರೆ ನಮ್ಮ ಸಾಫ್ಟ್‌ವೇರ್ ಅದನ್ನು ಕಸವೆಂದು ಸೋಸಿಬಿಡುತ್ತದೆ. ಶಂಕೆ ಏನೆಂದು ರಿಕ್ವೆಸ್ಟ್ ಫಾರ್ಮಿನಲ್ಲೇ ಬರೆದರೆ ಕೈಯಾರೆ ತೆರೆದು ನೋಡುತ್ತೇವೆ. ‘ಜ್ವರ, ಪರೀಕ್ಷಿಸಿ’ ಎಂದಷ್ಟೇ ಬಂದರೆ ನೋಡಲು ದಾರಿಯೇ ಇಲ್ಲ.

ಮಕ್ಕಳ ಒಪಿಡಿ:
ಕವರೇಜ್ ನೋಡಿದೆ, ಎಂವಿಕೆ ಪೂರ್ತಿ ಇದೆ. ಅದರಲ್ಲಿ ವಿ377ಐ ಬದಲಾವಣೆಯ ಒಂದು ಪ್ರತಿ ಇದೆಯಂತೆ, ಎರಡನೇ ಬದಲಾವಣೆ ಸಿಗಲಿಲ್ಲವೆಂದು ‘ಕ್ಯಾರಿಯರ್’ (ಕಾಯಿಲೆಯಿಲ್ಲದ ವಾಹಕ) ಪಟ್ಟಿಗೆ ಹಾಕಿದ್ದಾರೆ!

ರುಮಟಾಲಜಿ:
ಹಾಗಿದ್ದರೆ ಮುಂದಿನ ಜ್ವರದಲ್ಲಿ ಮೂತ್ರ ಹಿಡಿದು, ಎಂವಿಕೆ ಕೆಟ್ಟಾಗ ಹೆಚ್ಚುವ ಮೆವಲೋನಿಕ್ ಆಸಿಡ್‌ನ ಪರೀಕ್ಷೆಗೆ ಕಳಿಸಿ. ಜ್ವರ ಬಿಟ್ಟ ಮೇಲೆ ಹಿಡಿದರೆ ನಾರ್ಮಲ್ ಬಂದು ದಾರಿ ತಪ್ಪಿಸಬಹುದು. ಕೂಡಲೇ ಫ್ರೀಜ್ ಮಾಡಿ, ಕರಗದಂತೆ ಲ್ಯಾಬ್ ಮುಟ್ಟಬೇಕು. ರಕ್ತದ ಐಜಿಡಿ (ಒಂದು ಬಗೆಯ ಪ್ರತಿಕಾಯ) ಮಟ್ಟ ನಂಬಬೇಡಿ, ಈ ಕಾಯಿಲೆಯಲ್ಲೂ ನಾರ್ಮಲ್ ಇರುವುದುಂಟು.

ಸೀಕ್ವೆನ್ಸಿಂಗ್ ಲ್ಯಾಬ್:
ಇತ್ತ ಎಂವಿಕೆಗೆ ಎಂಎಲ್‌ಪಿಎ. ಎರಡನೇ ಬದಲಾವಣೆ ಸಿಕ್ಕರೆ ಅಪ್ಪ, ಅಮ್ಮ ಇಬ್ಬರದೂ ರಕ್ತ ಬೇಕು: ಒಂದೊಂದು ಒಬ್ಬೊಬ್ಬರಿಂದ ಬಂದಿದ್ದರೆ ಮಾತ್ರ ಕಾಯಿಲೆಯ ಲೆಕ್ಕ, ಎರಡೂ ಒಬ್ಬರಿಂದಲೇ ಬಂದಿದ್ದರೆ ಅಲ್ಲ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2-3 ಎಂಎಲ್. ಹಸಿರು ಮುಚ್ಚಳದ್ದು ಬೇಡ, ಅದರಲ್ಲಿನ ಹೆಪಾರಿನ್ ಪಿಸಿಆರ್ ಅನ್ನು ಕೆಡಿಸುತ್ತದೆ.