ಬಡಿಸೋಕೆ ಬರುತ್ತಾ?

ತೀರ್ಥಹಳ್ಳಿ ಹತ್ತಿರ ಮಂಜನ ಮನೆ ಜಗುಲಿ. ಮುಂದೆ ಹಲಸಿನ ಹಪ್ಪಳ, ಹೊರಗೆ ಹಿಂಗಾರು ಮಳೆ. ಹಿಂದಿನ ರಾತ್ರಿಯ ಸಿಡಿಲಿಗೆ ಅವನ ಎರಡನೇ ರೂಟರ್ ಸುಟ್ಟು ಕರಕಲಾಗಿತ್ತು.

"ಇನ್ನು ರೂಟರ್ ಸಹವಾಸ ಬೇಡ ಮಾರಾಯ," ಅಂದ ಮಂಜ. "ಸಿಗ್ನಲ್ ಸಿಗೋ ಕಿಟಕಿಗೆ ಡಾಂಗಲ್ ಕಟ್ಟಿದ್ದೀನಿ. ಹಳೇ ಲ್ಯಾಪ್‌ಟಾಪಿಗೆ ನೆಟ್ ಬರುತ್ತೆ. ಕರೆಂಟ್ ಹೋದ್ರೂ ಬ್ಯಾಟರಿ ಇದೆ. ಅದರಿಂದಲೇ ಮನೆಗೆಲ್ಲ ವೈಫೈ."

ಲ್ಯಾಪ್‌ಟಾಪಿನ ಒಳಗಿನ ವೈಫೈ ಸತ್ತು ಯಾವ ಕಾಲವಾಯಿತೋ. ಅದಕ್ಕೇ ಉಗುರಿನಷ್ಟು ಪುಟ್ಟ ಯುಎಸ್‌ಬಿ ಅಡಾಪ್ಟರ್ ತಂದಿದ್ದ. ಚುಚ್ಚಿದರೆ ನನ್ನ ಫೋನಿನ ಹಾಟ್‌ಸ್ಪಾಟ್ ಹಿಡಿಯುತ್ತೆ, ತನ್ನದು ಕೊಡಲ್ಲ.

"ಕೆಟ್ಟಿದೆ ಬಿಡು," ಅಂದೆ.

"ಕೆಟ್ಟಿಲ್ಲ ಕಣೋ," ಅಂದ ಗಣಪತಿ. ಅವನಿಗೆ ಲಿನಕ್ಸ್ ಹುಚ್ಚು; ವಿಂಡೋಸ್ ಬದಲಿಗೆ ಬಳಸೋ ಆ ಆಪರೇಟಿಂಗ್ ಸಿಸ್ಟಮ್ಮನ್ನೇ ಈ ಲ್ಯಾಪ್‌ಟಾಪಿಗೂ ಹಾಕಿದ್ದ. "ಪಂಕ್ತಿಯಲ್ಲಿ ಕೂತು ಉಣ್ಣೋಕೆ ಎಲ್ಲರಿಗೂ ಬರುತ್ತೆ. ಬಡಿಸೋಕೆ ಬರಬೇಕಲ್ಲ? ಬೇರೆಯವರಿಗೆ ವೈಫೈ ಬಡಿಸೋದಕ್ಕೇ ಎಪಿ, ಅಂದ್ರೆ ಆಕ್ಸೆಸ್ ಪಾಯಿಂಟ್ ಮೋಡ್ ಅನ್ನೋದು."

ಹಪ್ಪಳದ ಎಣ್ಣೆ ಕೈಯನ್ನು ಪಂಚೆಗೆ ಒರೆಸಿ, ಟರ್ಮಿನಲ್‌ನಲ್ಲಿ ‘ಐಡಬ್ಲ್ಯೂ ಲಿಸ್ಟ್’ ಅಂತ ಕುಟ್ಟಿದ; ಅಡಾಪ್ಟರಿಗೆ ಏನೇನು ಬರುತ್ತೆ ಅಂತ ತೋರಿಸೋ ಕಮಾಂಡ್ ಅದು. ಮಾರುದ್ದ ಸಾಲು ಇಳಿಯಿತು. ‘ಸಪೋರ್ಟೆಡ್ ಇಂಟರ್‌ಫೇಸ್ ಮೋಡ್ಸ್’ ಕೆಳಗೆ ‘ಮ್ಯಾನೇಜ್ಡ್’ ಇತ್ತು, ‘ಎಪಿ’ ಇರಲಿಲ್ಲ.

"ನೋಡು, ಬರೀ ಉಣ್ಣೋ ಗಿರಾಕಿ."

"ಡಬ್ಬಿ ಮೇಲೆ 300 ಎಂಬಿಪಿಎಸ್ ಅಂತ ಇತ್ತಲ್ಲೋ!"

"ಡಬ್ಬಿ ಬಿಡು, ಒಳಗಿನ ಚಿಪ್ ಯಾವುದು ಕೇಳು. ಅದೇ ಹೆಸರು, ಅದೇ ಮಾಡೆಲ್ ಇದ್ದರೂ ವರ್ಷನ್ ಬದಲಾದರೆ ಕೆಲವದರಲ್ಲಿ ಚಿಪ್ಪೇ ಬೇರೆ. ಹಳೇದಾದ್ರೂ ಅಥೆರೋಸ್‌ನ ಎಆರ್9271 ಚಿಪ್ ಬಡಿಸೋದ್ರಲ್ಲಿ ಗಟ್ಟಿ ಕುಳ. ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ, ಎಲ್ಲಿಂದಲೋ ಹುಡುಕಿ ತರಬೇಕಿಲ್ಲ. ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡೂ ಬೇಕಾದ್ರೆ ಮೀಡಿಯಾಟೆಕ್‌ನ ಎಂಟಿ7612ಯು."

"5 ಬೇಡ್ವೇ ಬೇಡ. ನಮ್ಮ ಜಂಬಿಟ್ಟಿಗೆ ಗೋಡೆ ದಾಟೋ ಹೊತ್ತಿಗೆ 2.4 ಗಿಗಾಹರ್ಟ್ಸಿಗೇ ಏದುಸಿರು. ಅಡುಗೆಮನೆಗೆ ಅದು ತಲುಪಿದರೆ ಸಾಕು, ಇಲ್ಲಾಂದ್ರೆ ನನಗೆ ಊಟ ಇಲ್ಲ."

ಎಆರ್9271 ಚಿಪ್ಪಿನ ಅಡಾಪ್ಟರ್ ಬಂತು. ಗಣಪತಿ ‘ಹೋಸ್ಟ್‌ಎಪಿಡಿ’ ಅನ್ನೋ ವೈಫೈ ಬಡಿಸೋ ಸಾಫ್ಟ್‌ವೇರ್ ಹಾಕಿ, ಹೆಸರು, ಪಾಸ್‌ವರ್ಡ್ ಬರೆದ. ಅಡುಗೆಮನೆಯಲ್ಲಿ ಅತ್ತಿಗೆಯ ಫೋನ್ ಟಿಣ್ ಅಂದಿತು. ಮಂಜನ ಮುಖ ನೋಡಬೇಕಿತ್ತು ನೀವು.

ದೀಪಾವಳಿಗೆ ನೆಂಟರು ತುಂಬಿದರು. ರಾತ್ರಿ ಒಂಬತ್ತಕ್ಕೆ ಮಂಜ ಫೋನ್ ಮಾಡಿದ. ಗಣಪತಿ ನನ್ನ ಜೊತೆಗೇ ಇದ್ದ.

"ಎಂತ ಮಾರಾಯ ಇದು? ಎಲ್ಲರಿಗೂ ನೆಟ್ ಬರ್ತಿದೆ, ನನ್ನ ಫೋನಿಗೆ ಮಾತ್ರ ಕನೆಕ್ಟೇ ಆಗ್ತಿಲ್ಲ!"

"ಆ ಚಿಪ್ಪು ಏಳೆಂಟು ಜನಕ್ಕಿಂತ ಜಾಸ್ತಿ ಕೂರಿಸಲ್ಲ," ಅಂದ ಗಣಪತಿ. "ಪಂಕ್ತಿ ತುಂಬಿದೆ. ಮನೆ ಯಜಮಾನ ಕೊನೇ ಪಂಕ್ತಿಗೆ ಕೂರಬೇಕು ಕಣೋ."