ಸಹಾಯ ಬೇಕು: ಮಡಿಕೆ ಬಿದ್ದ ಹಳೇ ಟೋಪೋ (ನೆಲದ ಏರಿಳಿತ ತೋರಿಸುವ) ನಕ್ಷೆಯ ಸ್ಕ್ಯಾನನ್ನು ನೆಲದ ನಿಜ ಸ್ಥಾನಕ್ಕೆ ಕೂರಿಸುವುದು (ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ)

ನಮಸ್ಕಾರ. ಅಮೆರಿಕದ ಮೇಯ್ನ್ ರಾಜ್ಯದ ಚೆಸಂಕುಕ್ ಸರೋವರದ ಸುತ್ತಲಿನ ಕಾಡಿನಲ್ಲಿ ಬೇಟೆಗೆ, ಮೀನು ಹಿಡಿಯಲು ಬರುವವರ ಹಳೇ ಕ್ಯಾಂಪ್‌ಗಳ ಜಾಗ ಗುರುತಿಸಬೇಕಿದೆ. ನಕ್ಷೆ ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆ ಯುಎಸ್‌ಜಿಎಸ್‌ನ 15 ಮಿನಿಟಿನ (ಅಕ್ಷಾಂಶ, ರೇಖಾಂಶ ಎರಡರಲ್ಲೂ ಕಾಲು ಡಿಗ್ರಿಯ) ಹಾಳೆ, ಅಳತೆ 1:62,500. ಆ ಸಂಸ್ಥೆಯ ಟೋಪೋವ್ಯೂ ಜಾಲತಾಣದಲ್ಲಿ ಸಿಗುವ ಜಿಯೋಟಿಫ್ (ಸ್ಥಾನದ ಮಾಹಿತಿ ಸೇರಿದ ಚಿತ್ರ ಕಡತ) ಸ್ಥಾನ ಹೊಂದಿಸಿಯೇ ಬರುತ್ತದೆ; ತೊಂದರೆ ಇರುವುದು ಪೆನ್ಸಿಲ್ ಗುರುತುಗಳಿರುವ ಕಾಗದದ ಪ್ರತಿಯ ಸ್ಕ್ಯಾನ್‌ನಲ್ಲಿ.

ಕ್ಯಾಂಪ್ ಎಂದರೆ ದಡದಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚೌಕ, ಅದಕ್ಕೆ ಸೇರುವ ತುಂಡುಗೆರೆಯ ಕಾಲುದಾರಿ. ಅರ್ಧ ಮಿ.ಮೀ. ತಪ್ಪಿದರೆ ನೆಲದಲ್ಲಿ 31 ಮೀಟರ್, ಕ್ಯಾಂಪ್ ನೀರಿಗೆ ಬೀಳುತ್ತದೆ.

5 ಮಿನಿಟಿಗೊಂದರಂತೆ ಇರುವ ಅಕ್ಷಾಂಶ-ರೇಖಾಂಶದ 16 ಗುರುತುಗಳನ್ನೂ ಹಳೇ ಅಮೆರಿಕನ್ ನಕ್ಷೆಗಳ ಸ್ಥಾನ-ಆಧಾರವಾದ ಎನ್‌ಎಡಿ27ರಲ್ಲೇ ಕೊಟ್ಟಿದ್ದೇನೆ. ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್84 ಎಂದು ಕೊಟ್ಟರೆ ಇಡೀ ಹಾಳೆ ಹತ್ತಾರು ಮೀಟರ್ ಸರಿಯುತ್ತದೆ. ಪ್ರೊಜೆಕ್ಷನ್ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನ) ಪಾಲಿಕೋನಿಕ್, ನಡುರೇಖೆ ಹಾಳೆಯ ಮಧ್ಯಕ್ಕೆ. ಇಡೀ ಹಾಳೆಯನ್ನು ಒಂದೇ ಸಮನೆ ಹಿಗ್ಗಿಸಿ ತಿರುಗಿಸುವ ಮೊದಲ ದರ್ಜೆಯ ಪಾಲಿನೋಮಿಯಲ್‌ನಲ್ಲಿ ಮಡಿಕೆಯ ಎರಡೂ ಬದಿಯ ಗುರುತುಗಳು ವಿರುದ್ಧ ದಿಕ್ಕಿಗೆ ಎಳೆಯುತ್ತಿವೆ. ಪ್ರತಿ ಗುರುತಿಗೂ ಹೊಂದುವಂತೆ ಹಾಳೆಯನ್ನು ಬಗ್ಗಿಸುವ ಥಿನ್ ಪ್ಲೇಟ್ ಸ್ಪ್ಲೈನ್ ಹಾಕಿದರೆ ದೋಷ ಸೊನ್ನೆ ತೋರಿಸುತ್ತದೆ, ಆದರೆ ಅದು ತಪ್ಪು ಕ್ಲಿಕ್ಕನ್ನೂ ಮುಚ್ಚಿಬಿಡುತ್ತದೆ, ಹಾಗಾಗಿ ನಂಬುವಂತಿಲ್ಲ.

ಮಡಿಕೆಯಲ್ಲಿ ಕತ್ತರಿಸಿ, ಎರಡು ಹೋಳುಗಳನ್ನು ಬೇರೆ ಬೇರೆಯಾಗಿ ಕೂರಿಸಿ ಜೋಡಿಸಿದವರು ಇದ್ದೀರಾ? ಅಂಚಿನಲ್ಲಿ ಕಾಂಟೂರ್ (ಸಮಾನ ಎತ್ತರದ) ಗೆರೆಗಳು ಕೂಡಿಕೊಂಡವೇ? ಸರಿಯಾಗಿ ಕೂತಿದೆಯೇ ಎಂಬ ಪರೀಕ್ಷೆಗೆ ಈಗಿನ ದಡದ ಗೆರೆ ಸೂಚಿಸಬೇಡಿ: ರಿಪೋಜೀನಸ್ ಅಣೆಕಟ್ಟಿನಿಂದ ನೀರಿನ ಮಟ್ಟವೇ ಏರಿಳಿಯುತ್ತದೆ. ಗುಡ್ಡದ ನೆತ್ತಿ, ಮೇಲ್ಭಾಗದ ತೊರೆಗಳ ಸಂಗಮ ಬಿಟ್ಟು ಬೇರೇನು ಬಳಸುತ್ತೀರಿ, ದಯವಿಟ್ಟು ತಿಳಿಸಿ.