ನಂಪೈ: ಒಂದೇ ಇಂಡೆಕ್ಸ್ ಎರಡು ಸಲ ಬಂದರೆ ಲೆಕ್ಕ ತಪ್ಪುತ್ತಿದೆ, ಸಹಾಯ ಬೇಕು

ನಮಸ್ಕಾರ. ಮಲ್ಪೆ ಬಂದರಿನ ಮೀನಿನ ಲೆಕ್ಕವನ್ನು ಪೈಥಾನ್‌ನಲ್ಲಿ, ನಂಪೈ (NumPy) ಅನ್ನೋ ಲೆಕ್ಕದ ಲೈಬ್ರರಿ ಬಳಸಿ ಹಾಕುತ್ತಿದ್ದೇನೆ. ಮೀನಿನ ಇಂಡೆಕ್ಸ್, ಅಂದರೆ ಸ್ಥಾನದ ಸಂಖ್ಯೆ: ಬಂಗುಡೆ 0, ಬೂತಾಯಿ 1. ಇಂಡೆಕ್ಸ್ ಅರೇ (ಸಂಖ್ಯೆಗಳ ಸಾಲು) [0, 0, 1], ಬುಟ್ಟಿ [5, 3, 4]. ಸೊನ್ನೆ ತುಂಬಿದ 'ಒಟ್ಟು' ಅರೇಗೆ ಒಟ್ಟು[ಇಂಡೆಕ್ಸ್] += ಬುಟ್ಟಿ (ಆಯಾ ಸ್ಥಾನಕ್ಕೆ ಬುಟ್ಟಿ ಕೂಡಿಸು) ಅಂತ ಕೊಟ್ಟೆ. ಬಂಗುಡೆ 8 ಬರಬೇಕು, ಅಲ್ವಾ? ಬಂದದ್ದು 3! ಐದು ಬುಟ್ಟಿ ಬೆಕ್ಕು ತಿಂದ ಹಾಗೆ ಮಾಯ. ಎರರ್ ಕೂಡ ಇಲ್ಲ, ಅದಕ್ಕೇ ಸಿಟ್ಟು ಜಾಸ್ತಿ.

ಹಳೆಯ ಸೊನ್ನೆಯನ್ನೇ ಎರಡೂ ಸಲ ಓದಿ ಕೂಡಿಸುತ್ತದೆ, ವಾಪಸ್ ಬರೆಯುವಾಗ ಕೊನೆಯದು ಮಾತ್ರ ಉಳಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಅದರ ಬದಲು ಪ್ರತಿ ಸಲವೂ ಕೂಡಿಸುವ ಎನ್‌ಪಿ.ಆಡ್.ಆಟ್ (np.add.at) ಹಾಕಿದರೆ ಸರಿಯಾಗಿ 8 ಬರುತ್ತದೆ. ಇಂಡೆಕ್ಸ್‌ವಾರು ಎಣಿಸುವ ಬಿನ್‌ಕೌಂಟ್‌ಗೆ (np.bincount) ಬುಟ್ಟಿಯನ್ನು ವೆಯ್ಟ್ಸ್ (weights) ಆಗಿ ಕೊಟ್ಟರೂ ಬರುತ್ತದೆ, ಆದರೆ 8.0 ಅಂತ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿ.

ನನ್ನ ಫೈಲಿನಲ್ಲಿ ಲಕ್ಷಗಟ್ಟಲೆ ಸಾಲುಗಳಿವೆ. ನಂಪೈ 1.24ರಲ್ಲಿ ಆಡ್.ಆಟ್ ತೆವಳುತ್ತಿದೆ. 1.25ರಲ್ಲಿ ಅದನ್ನು ಚುರುಕು ಮಾಡಿದ್ದಾರೆ. ಅಪ್‌ಡೇಟ್ ಮಾಡಲೇ, ಸುಮ್ನೆ ಬಿನ್‌ಕೌಂಟ್ ಬಳಸಲೇ? ಬಳಸಿ ನೋಡಿದವರು ಹೇಳಿ ಮಾರಾಯ್ರೇ.